ಜೀವಕೋಶದೊಳಗೆ ರೋಗ ಹುಡುಕಿದ ಡಾಕ್ಟರು

ಹೋದ ವರ್ಷ ನಮ್ಮಣ್ಣ ಹುಣಸೆಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಆರು ವಾರದ ಮೇಲೆ ಸಿಮೆಂಟು ಕಟ್ಟು ಬಿಚ್ಚಿದರೆ ಕಾಲು ಕೋಲಿನ ಹಾಗೆ ಸಣ್ಣಗಾಗಿತ್ತು. ಕಾಲು ಸತ್ತೇಹೋಯ್ತು ಅಂತ ಅವ್ವ ಅತ್ತಳು. ಆದರೆ ಸತ್ತಿರಲಿಲ್ಲ. ಕೆಲಸ ಇಲ್ಲದೆ ಸ್ನಾಯುವಿನ ಜೀವಕೋಶಗಳು ಕುಗ್ಗಿದ್ದವು ಅಷ್ಟೆ. ನಡೆಯೋಕೆ ಶುರು ಮಾಡಿದ ಮೇಲೆ ಮತ್ತೆ ತುಂಬಿಕೊಂಡವು. ಹೀಗೆ ಕಾಯಿಲೆಯನ್ನು ಜೀವಕೋಶದಲ್ಲೇ ಹುಡುಕಬೇಕೆಂದು ತೋರಿಸಿಕೊಟ್ಟವರು ರುಡಾಲ್ಫ್ ವಿರ್ಚೋ.

ಇವರು 1821ನೇ ಇಸವಿ ಅಕ್ಟೋಬರ್ 13ರಂದು ಪ್ರಷ್ಯ ದೇಶದ ಷೀವೆಲ್‌ಬೈನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಆ ಊರು ಈಗ ಪೋಲೆಂಡಿನಲ್ಲಿದೆ. ತಂದೆ ಬೇಸಾಯಗಾರರು, ಇವರೊಬ್ಬರೇ ಮಗ. ವಿದ್ಯಾರ್ಥಿವೇತನದಿಂದ ಬರ್ಲಿನ್‌ನಲ್ಲಿ ಓದಿ 1843ರಲ್ಲಿ ಡಾಕ್ಟರಾದರು.

1848ರಲ್ಲಿ ಮೇಲಿನ ಸಿಲೇಷಿಯಾ ಎಂಬಲ್ಲಿ ಟೈಫಸ್ ಜ್ವರ ಬಂದು ಜನ ಸಾಯುತ್ತಿದ್ದರು. (ಇದು ಟೈಫಾಯ್ಡ್ ಅಲ್ಲ, ಬೇರೆ. ಹೇನಿನಿಂದ ಹರಡುತ್ತದೆ ಎಂದು 1909ರಲ್ಲಿ ಗೊತ್ತಾಯಿತು.) ಸರ್ಕಾರ ವಿರ್ಚೋ ಅವರನ್ನು ನೋಡಿಕೊಂಡು ಬರಲು ಕಳಿಸಿತು. ಔಷಧಿ ಹೆಸರು ಬರೆದುಕೊಂಡು ಬರ್ತಾರೆ ಅಂತ ಸರ್ಕಾರದವರು ಅಂದುಕೊಂಡಿರಬೇಕು. ಇವರು ಬರೆದದ್ದೇ ಬೇರೆ. ಹಸಿವು, ಕೊಳಕು ಮನೆ, ಶಾಲೆ ಇಲ್ಲದಿರುವುದು, ಇದೆಲ್ಲಾ ರೋಗಕ್ಕೆ ಕಾರಣ, ತಪ್ಪು ಸರ್ಕಾರದ್ದು ಎಂದು ಬರೆದರು. ಅದೇ ವರ್ಷ ಬರ್ಲಿನ್ ಕ್ರಾಂತಿಯಲ್ಲೂ ಸೇರಿದರು. ಮರುವರ್ಷ ಕೆಲಸಕ್ಕೇ ಕುತ್ತು ಬಂದು ವುರ್ಟ್ಸ್‌ಬರ್ಗ್ ಊರಿಗೆ ಹೋಗಬೇಕಾಯಿತು. 1856ರಲ್ಲಿ ಬರ್ಲಿನ್‌ನವರೇ ಪುನಃ ಕರೆದರು.

1858ರಲ್ಲಿ ಅವರ ದೊಡ್ಡ ಪುಸ್ತಕ ಬಂತು. ಒಂದು ಜೀವಕೋಶ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ, ರೋಗ ಎಂದರೆ ಜೀವಕೋಶ ಕೆಡುವುದು ಎಂದು ಅದರಲ್ಲಿದೆ. ಪೆಟ್ಟಾದ ಜೀವಕೋಶ ಊದಿಕೊಳ್ಳುತ್ತದೆ, ಕೆಲವದರಲ್ಲಿ ಕೊಬ್ಬು ತುಂಬುತ್ತದೆ. ಬೇಗ ತೊಂದರೆ ಹೋದರೆ ಸುಧಾರಿಸಿಕೊಳ್ಳುತ್ತದೆ. ಮಿತಿ ಮೀರಿದರೆ ಸಾಯುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಹರಿದುಹೋಗಿ ಶ್ವಾಸಕೋಶದ ನಾಳವನ್ನು ಮುಚ್ಚಬಹುದು ಎಂದೂ ಅವರೇ ತೋರಿಸಿದರು. ರಕ್ತ ನಿಂತರೆ ಆಮ್ಲಜನಕ ಇಲ್ಲ, ಹೃದಯಾಘಾತದಲ್ಲಿ ಜೀವಕೋಶ ಸಾಯುವುದು ಹೀಗೇ. ಇನ್ನೊಂದು ತರಹದ ಸಾವೂ ಇದೆ. ನಮ್ಮ ಕೆರೆಯ ಗೊದಮೊಟ್ಟೆಗಳ ಬಾಲ ಹೋಗುತ್ತದಲ್ಲ, ಅಲ್ಲಿ ಜೀವಕೋಶಗಳು ತಾವಾಗಿಯೇ ಮುದುಡಿ ಸಾಯುತ್ತವೆ. ಅದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟದ್ದು 1972ರಲ್ಲಿ.

ವಿರ್ಚೋ ಮಾಡಿದ್ದೆಲ್ಲಾ ಸರಿ ಅಲ್ಲ. ಜೀವಕೋಶ ಒಡೆದು ಎರಡಾಗುವುದನ್ನು ರಾಬರ್ಟ್ ರೆಮಾಕ್ ಎಂಬುವರು ಮೊದಲೇ ಹೇಳಿದ್ದರು, ಅವರಿಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲ. ಡಾಕ್ಟರುಗಳು ಕೈ ತೊಳೆದರೆ ಬಾಣಂತಿಯರು ಉಳೀತಾರೆ ಎಂದ ಸೆಮ್ಮೆಲ್‌ವೈಸ್ ಅವರ ಮಾತನ್ನೂ ವಿರ್ಚೋ ಒಪ್ಪಲಿಲ್ಲ. ಇದು ನನಗೆ ಬಹಳ ಬೇಜಾರಾಯಿತು. ಆದರೆ ಬರ್ಲಿನ್ ನಗರಕ್ಕೆ ಒಳಚರಂಡಿ ಮಾಡಿಸಲು ಹೋರಾಡಿದವರೂ ಇವರೇ.

1902ರ ಜನವರಿಯಲ್ಲಿ, 80 ವರ್ಷದ ಅಜ್ಜ, ಓಡುವ ಟ್ರಾಮಿನಿಂದ ಧುಮುಕಿ ತೊಡೆಮೂಳೆ ಮುರಿದುಕೊಂಡರು. ನಮ್ಮಣ್ಣನ ಹಾಗೆ ಅವರಿಗೆ ಪೂರ್ತಿ ವಾಸಿಯಾಗಲಿಲ್ಲ. ಸೆಪ್ಟೆಂಬರ್ 5ರಂದು ಬರ್ಲಿನ್‌ನಲ್ಲಿ ತೀರಿಕೊಂಡರು.