ಸೌದೆಯಿಂದ ಕಬ್ಬಿಣ ತೆಗೆಸಿದ ವಿಶ್ವೇಶ್ವರಯ್ಯ

ಮಕ್ಕಳೇ, ನಿಮ್ಮ ಮನೆಯ ಬಚ್ಚಲಲ್ಲಿ ಹಂಡೆ ಒಲೆ ಇದೆಯೇ? ಕಡೂರು, ತರೀಕೆರೆ, ಅಜ್ಜಂಪುರದ ಎಷ್ಟೋ ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಬಂದಿದ್ದರೂ ಸ್ನಾನದ ನೀರು ಕಾಯುವುದು ತೆಂಗಿನ ಮಟ್ಟೆ, ಸೌದೆಯಿಂದಲೇ. ಏಕೆಂದು ಕೇಳಿದರೆ ಅಮ್ಮ ಸಿಲಿಂಡರಿನ ಬೆಲೆ ಹೇಳುತ್ತಾರೆ. ತೋಟದಲ್ಲೇ ಸೌದೆ ಸಿಗುವಾಗ ದುಡ್ಡು ಕೊಟ್ಟು ಉರುವಲು ತರುವುದೇಕೆ? ಸುಮಾರು ನೂರು ವರ್ಷಗಳ ಹಿಂದೆ ಇದೇ ಲೆಕ್ಕದ ಮೇಲೆ ಒಂದು ದೊಡ್ಡ ಕಾರ್ಖಾನೆಯೇ ಎದ್ದಿತು. ಅದರ ಹಿಂದಿದ್ದವರು ಸರ್ ಎಂ. ವಿಶ್ವೇಶ್ವರಯ್ಯ.

ಅವರ ಹುಟ್ಟೂರು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ. ಹುಟ್ಟಿದ ದಿನ ಸೆಪ್ಟೆಂಬರ್ 15. ಆ ದಿನವನ್ನೇ ನಾವು ಇಂಜಿನಿಯರುಗಳ ದಿನವಾಗಿ ಆಚರಿಸುತ್ತೇವೆ. ಬಾಲ್ಯದಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ, ಅದರಿಂದ ಬಂದ ಹಣದಲ್ಲಿ ಓದಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಮುಂಬಯಿ ಪ್ರಾಂತ್ಯದಲ್ಲಿ ಕೆಲಸಕ್ಕೆ ಸೇರಿದರು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆಯ ಕಥೆ ನಿಮಗೆ ಗೊತ್ತೇ ಇದೆ. ನಮ್ಮ ಪಕ್ಕದ ಭದ್ರಾವತಿಯ ಕಥೆ ಗೊತ್ತಿರುವವರು ಕಡಿಮೆ.

ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯ ಮಣ್ಣು ಏಕೆ ಕೆಂಪು ಎಂದು ಯೋಚಿಸಿದ್ದೀರಾ? ಅದರಲ್ಲಿ ಕಬ್ಬಿಣದ ಅಂಶವಿದೆ. ಅದಿರು ಎಂದರೆ ಆಮ್ಲಜನಕದೊಂದಿಗೆ ಬೆಸೆದುಕೊಂಡ ಕಬ್ಬಿಣ. ಕಬ್ಬಿಣ ಬೇಕಾದರೆ ಆ ಆಮ್ಲಜನಕವನ್ನು ಬಿಡಿಸಬೇಕು. ಬೇರೆ ಕಡೆ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಈ ಕೆಲಸ ಮಾಡುತ್ತಿತ್ತು. ಆದರೆ ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಸಾವಿರ ಕಿಲೋಮೀಟರಿಗೂ ದೂರದ ಬಂಗಾಳ, ಬಿಹಾರಗಳ ಕಡೆಯಿಂದ ರೈಲಿನಲ್ಲಿ ತರಬೇಕು. ಅಷ್ಟು ಬಾಡಿಗೆ ಕೊಟ್ಟರೆ ಲಾಭದ ಮಾತೆಲ್ಲಿ? ನಮ್ಮಲ್ಲಿ ಇದ್ದದ್ದು ಕಾಡು. ಆದ್ದರಿಂದ ಸೌದೆಯ ಇದ್ದಿಲನ್ನೇ ಬಳಸುವ ಯೋಜನೆ ತಯಾರಾಯಿತು.

ಒಲೆಯ ಕೆಂಡವನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಬೂದಿಯಾಗದೆ ಇದ್ದಿಲಾಗಿ ಉಳಿಯುವುದನ್ನು ನೀವು ನೋಡಿರಬಹುದು. ಭದ್ರಾವತಿಯಲ್ಲಿ ಸೌದೆಯನ್ನು ಮುಚ್ಚಿದ ದೊಡ್ಡ ಪಾತ್ರೆಗಳಲ್ಲಿ ಕಾಯಿಸುತ್ತಿದ್ದರು. ಒಳಗೆ ಇದ್ದಿಲು ಉಳಿಯುತ್ತಿತ್ತು. ಹೊರಬಂದ ಹೊಗೆಯನ್ನೂ ಬಿಡುತ್ತಿರಲಿಲ್ಲ! ಅದನ್ನು ತಣಿಸಿ ಮಿಥೈಲ್ ಆಲ್ಕೋಹಾಲ್, ಟಾರು ಮುಂತಾದವನ್ನು ತೆಗೆದು ಮಾರುತ್ತಿದ್ದರು. ಬಚ್ಚಲೊಲೆಯ ಹೊಗೆಯೊಂದಿಗೆ ನಾವು ಏನೆಲ್ಲ ಹೊರಗೆ ಕಳಿಸುತ್ತೇವೆ ನೋಡಿ.

ಊದುಕುಲುಮೆಯಲ್ಲಿ ಇದ್ದಿಲಿಗೆ ಎರಡು ಕೆಲಸ. ಉರಿದು ಶಾಖ ಕೊಡುವುದು ಒಂದು. ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲವು ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುವುದು ಇನ್ನೊಂದು. ಇದ್ದಿಲಿನಲ್ಲಿ ಗಂಧಕ ಬಹಳ ಕಡಿಮೆ ಇರುವುದರಿಂದ ಬರುವ ಕಬ್ಬಿಣವೂ ಒಳ್ಳೆಯದು.

1923ರಲ್ಲಿ ಕಾರ್ಖಾನೆ ಕಬ್ಬಿಣ ಕೊಡಲು ಶುರುಮಾಡಿತು. ಆದರೆ ಅಷ್ಟರಲ್ಲಿ ಮೊದಲನೇ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಕಟ್ಟಲು ಅಂದಾಜಿಗಿಂತ ಹೆಚ್ಚು ಹಣ ಖರ್ಚಾಗಿತ್ತು. ತಿಂಗಳು ತಿಂಗಳೂ ನಷ್ಟ. ಜನರ ತೆರಿಗೆಯ ಹಣ ಕುಲುಮೆಗೆ ಬೀಳುತ್ತಿದೆ ಎಂಬ ಟೀಕೆ ಎದ್ದಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಮಹಾರಾಜರು ಮತ್ತೆ ಕರೆಸಿದರು. 1923ರಿಂದ 1929ರವರೆಗೆ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದರು. ಹೆಚ್ಚು ಸಂಬಳದ ವಿದೇಶಿ ತಜ್ಞರ ಜಾಗದಲ್ಲಿ ನಮ್ಮವರನ್ನೇ ತಯಾರು ಮಾಡಿದರು, ಒಂದೊಂದು ಖರ್ಚನ್ನೂ ಕಡಿಮೆ ಮಾಡಿದರು. ಕಾರ್ಖಾನೆ ಉಳಿಯಿತು. ಈ ಕೆಲಸಕ್ಕೆ ತಮಗೆ ಬರಬೇಕಾದ ಹಣವನ್ನು ಅವರು ಇಟ್ಟುಕೊಳ್ಳಲಿಲ್ಲ. ಅದು ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಹೋಯಿತು. ಅದೇ ಈಗಿನ ಎಸ್.ಜೆ. ಪಾಲಿಟೆಕ್ನಿಕ್.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. ನಾಲ್ಕು ಕೆ.ಜಿ. ಒಣ ಸೌದೆಯಿಂದ ಸಿಗುವುದು ಸುಮಾರು ಒಂದು ಕೆ.ಜಿ. ಇದ್ದಿಲು. ಸುತ್ತಲಿನ ಕಾಡುಗಳಿಗೆ ಟ್ರಾಮ್ ಹಳಿ ಹಾಕಿ ಮರ ಸಾಗಿಸಿದರು. ಆಗಿನ ಕಡೂರು ಜಿಲ್ಲೆ ಎಂದರೆ ಈಗಿನ ನಮ್ಮ ಚಿಕ್ಕಮಗಳೂರು ಜಿಲ್ಲೆಯೇ. ಇಲ್ಲಿಯ ಮರಗಳೂ ಆ ಕುಲುಮೆಗೆ ಹೋದವು. ಹಣದಲ್ಲಿ ಅಗ್ಗವಾದ ಸೌದೆ ಕಾಡಿಗೆ ಅಗ್ಗವಾಗಿರಲಿಲ್ಲ. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಆದರೂ ಇದ್ದಿಲು ಅಥವಾ ಕೋಕ್ ಬೇಕೇ ಬೇಕಿತ್ತು. ಏಕಿರಬಹುದು? ವಿದ್ಯುತ್ತು ಶಾಖವನ್ನೇನೋ ಕೊಡುತ್ತದೆ, ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುವವರು ಯಾರು?

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಬಂದಿತು. 1962ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ ನೂರು ವರ್ಷ ತುಂಬಿತ್ತು. ಮುಂದೆ 1970ರ ದಶಕದಲ್ಲಿ ಭದ್ರಾವತಿಯ ಕಾರ್ಖಾನೆಗೆ ಅವರ ಹೆಸರನ್ನೇ ಇಟ್ಟರು. ಬೀರೂರಿನಿಂದ ಶಿವಮೊಗ್ಗದ ರೈಲು ಹತ್ತಿದರೆ ತರೀಕೆರೆ ದಾಟಿದ ಮೇಲೆ ಆ ಊರು ಬರುತ್ತದೆ.