ಕಾರ್ಕ್ ಮಾರುತ್ತಿದ್ದವನೇ ಕಾರ್ಕ್ ಓಡಿಸಿದ!
ಗೋಲಿ ಸೋಡಾ ಬಾಟ್ಲಿಯ ಜನಕ ಹೈರಮ್ ಕಾಡ್

ಹೆಬ್ಬೆರಳೊತ್ತಿ ಟಪ್ಪಂತ ಗೋಲಿ ಇಳಿಸಿ ಸೋಡಾ ಕುಡಿದವರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಆ ಬಾಟ್ಲಿ ಯಾರ ತಲೆಯಿಂದ ಬಂತು ಅಂತ ಕೇಳಿದರೆ ಹೇಳುವವರು ಕಡಿಮೆ. ಆ ಪುಣ್ಯಾತ್ಮ ಇಂಗ್ಲೆಂಡಿನ ಹೈರಮ್ ಕಾಡ್.

ಹುಟ್ಟಿದ್ದು 1838ರಲ್ಲಿ, ಬೆರಿ ಸೇಂಟ್ ಎಡ್ಮಂಡ್ಸ್ ಎಂಬ ಊರಲ್ಲಿ. ಕಲಿತದ್ದು ಯಂತ್ರದ ಕೆಲಸ. ಹೊಟ್ಟೆಪಾಡಿಗೆ ಕಾರ್ಕ್ ಕಂಪನಿಯೊಂದರ ಮಾಲು ಹಿಡಿದು ಊರೂರು ತಿರುಗಿದ. ಸೋಡಾದವರಿಗೆ ಕಾರ್ಕಿನದೇ ತಲೆನೋವು. ಒಣಗಿದರೆ ಗ್ಯಾಸು ಸೋರಿಹೋಗುತ್ತಿತ್ತು. ಒತ್ತಡ ಹೆಚ್ಚಾದರೆ ಕಾರ್ಕೇ ಹಾರುತ್ತಿತ್ತು.

1872ರಲ್ಲಿ ಕಾಡ್ ಹೊಸ ಬಾಟ್ಲಿಗೆ ಪೇಟೆಂಟ್ ಪಡೆದ. ಕುತ್ತಿಗೆಯೊಳಗೆ ಗಾಜಿನ ಗೋಲಿ, ಬಾಯಲ್ಲಿ ರಬ್ಬರ್ ರಿಂಗು. ಬಾಟ್ಲಿ ತಲೆಕೆಳಗೆ ಮಾಡಿ ತುಂಬಿದರೆ ಗೋಲಿ ಬಾಯಿಗೆ ಬಂದು ಕೂರುತ್ತದೆ, ಒಳಗಿನ ಗ್ಯಾಸೇ ಅದನ್ನು ಒತ್ತಿ ಹಿಡಿಯುತ್ತದೆ. ಬಿರಡೆ ಬೇಡ, ತಂತಿ ಬೇಡ.

ಆಸಾಮಿ ವ್ಯಾಪಾರದಲ್ಲೂ ಜಾಣ. ಬಾಟ್ಲಿ ಮಾಡುವವರಿಗೆ ಲೈಸೆನ್ಸು ಪುಕ್ಕಟೆ. ಗೋಲಿ, ರಿಂಗು ಮಾತ್ರ ಅವನಲ್ಲೇ ಕೊಳ್ಳಬೇಕು!

1877ರಲ್ಲಿ ಬಾರ್ನ್ಸ್‌ಲಿಯ ಗಾಜಿನ ಕಾರ್ಖಾನೆದಾರ ಬೆನ್ ರೈಲಾಂಡ್ಸ್ ಜತೆ ಪಾಲುದಾರಿಕೆ ಆಯಿತು. 1881ರಲ್ಲಿ ಬೆನ್ ತೀರಿಕೊಂಡ. 1884ರಲ್ಲಿ ಅವನ ಮಗ ಡ್ಯಾನ್, ಕಾಡ್‌ನ ಪಾಲನ್ನೂ ಕೊಂಡುಕೊಂಡ. ಮೂರೇ ವರ್ಷಕ್ಕೆ, 1887ರಲ್ಲಿ, ಕಾಡ್ ಲಂಡನ್ನಿನಲ್ಲಿ ಕಣ್ಮುಚ್ಚಿದ. ವಯಸ್ಸು ಬರೀ 49.

1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ತಗಡಿನ ಮುಚ್ಚಳಕ್ಕೆ ಪೇಟೆಂಟ್ ಪಡೆದ. ಅಗ್ಗದ ಆ ಮುಚ್ಚಳದ ಮುಂದೆ ಗೋಲಿ ಬಾಟ್ಲಿ ಅಲ್ಲೆಲ್ಲ ಮೆಲ್ಲಗೆ ಮೂಲೆ ಸೇರಿತು. ಗೋಲಿಯ ಆಸೆಗೆ ಹುಡುಗರು ಒಡೆದದ್ದೂ ಕಡಿಮೆಯಲ್ಲ.

ಹಾಗಾಗಿ ಉಳಿದವಕ್ಕೆ ಈಗ ಬೆಲೆ. ಇಂಗ್ಲೆಂಡಿನ ಸಂಗ್ರಾಹಕರು ಹಳೇ ಕಸದ ಗುಂಡಿ ಅಗೆದು ಹುಡುಕುತ್ತಾರೆ. ಕಡುನೀಲಿ ಗಾಜಿನದು ಸಿಕ್ಕರೆ ಲಾಟರಿ ಹೊಡೆದಂತೆ. ಅವರು ಮೊದಲು ನೋಡುವುದು ಗಾಜಿನ ಮೇಲೆ ಉಬ್ಬಿದ ಅಕ್ಷರವನ್ನು. ಸೋಡಾ ಮಾಡಿದವನ ಹೆಸರು, ಊರು ಅಲ್ಲಿರುತ್ತದೆ. ಎಷ್ಟೋ ಸಣ್ಣ ತಯಾರಕರು ಒಂದು ಕಾಲಕ್ಕೆ ಬಾಳಿದರು ಅನ್ನೋದಕ್ಕೆ ಆ ಬಾಟ್ಲಿಯೇ ಸಾಕ್ಷಿ.

ಜಪಾನಿನಲ್ಲಿ ರಾಮುನೆ ಎಂಬ ಪಾನೀಯ ಇಂದಿಗೂ ಗೋಲಿ ಬಾಟ್ಲಿಯಲ್ಲೇ ಬರುತ್ತದೆ. ನಮ್ಮಲ್ಲಂತೂ ಗೋಲಿ ಸೋಡಾ ಬಣ್ಣಬಣ್ಣದ ರುಚಿಯಲ್ಲಿ ಮತ್ತೆ ಅಂಗಡಿ ಹತ್ತಿದೆ. ಆದರೆ ಹಳೇ ಬಾಟ್ಲಿಗಳು ಗುಜರಿಗೆ ಹೋಗುವುದು ನಿಂತಿಲ್ಲ. ಅಟ್ಟದ ಮೇಲೆ ಒಂದೆರಡು ಇದ್ದರೆ, ತೂಕಕ್ಕೆ ಹಾಕುವ ಮುಂಚೆ ಧೂಳು ಒರೆಸಿ ನೋಡುವುದು ಒಳ್ಳೇದು. ಅಕ್ಷರವಿದ್ದರೆ, ಅದು ನಮ್ಮದೇ ಪೇಟೆಯ ಯಾರೋ ಹಿರೀಕರ ಹೆಸರಿದ್ದೀತು.