ಹೊಳೆಆಲೂರಿನ ರಸಿಕರಂಗ: ಡಾ. ರಂ. ಶ್ರೀ. ಮುಗಳಿ

ಗದಗ-ಸೊಲ್ಲಾಪುರ ರೈಲು ಮಾರ್ಗದಲ್ಲಿ, ಮಲಪ್ರಭಾ ದಂಡೆಯ ಮೇಲೆ ಹೊಳೆಆಲೂರು ಇದೆ. ರೋಣ ತಾಲೂಕಿನ ಈ ಊರು ಆಲೂರ ವೆಂಕಟರಾಯರ ಮನೆತನದ್ದೆಂದು ಬಹಳ ಜನರಿಗೆ ಗೊತ್ತು. 1906ರ ಜುಲೈ 15ರಂದು ರಂಗನಾಥ ಶ್ರೀನಿವಾಸ ಮುಗಳಿಯವರು ಹುಟ್ಟಿದ್ದೂ ಇಲ್ಲಿಯೇ ಎಂಬುದು ನಮ್ಮ ಕಾಲೇಜು ಹುಡುಗರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ!

ತರುಣ ಮುಗಳಿಯವರು ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಗೆಳೆಯರ ಗುಂಪನ್ನು ಸೇರಿದರು. ಆ ಗುಂಪಿನಲ್ಲಿ ಬೇಂದ್ರೆಯವರು ಶಾಲಾ ಮಾಸ್ತರರು, ವಿ. ಕೃ. ಗೋಕಾಕರು ಇನ್ನೂ ಕಾಲೇಜು ವಿದ್ಯಾರ್ಥಿ. ಕಲಿಸುವವರೂ ಕಲಿಯುವವರೂ ಒಂದೇ ಚಾಪೆಯ ಮೇಲೆ ಕುಳಿತಂತಹ ಕೂಟವದು. ಬೇಂದ್ರೆಯವರು ಅಂಬಿಕಾತನಯದತ್ತರಾದರು, ಗೋಕಾಕರು ವಿನಾಯಕರಾದರು, ಮುಗಳಿಯವರು ರಸಿಕರಂಗರಾದರು. ಕವಿತೆ, ನಾಟಕ, ಕಾದಂಬರಿ ಎಲ್ಲವನ್ನೂ ಅವರು ಬರೆದರು. ಆದರೆ ಅವರ ಹೆಸರು ಉಳಿದದ್ದು ಸಂಶೋಧನೆಯಿಂದ.

ಮುಂದೆ ಅವರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾದರು. ಪುಣೆಯ ಡೆಕ್ಕನ್ ಎಜ್ಯುಕೇಶನ್ ಸೊಸೈಟಿ 1919ರಲ್ಲಿ ತೆರೆದ ಕಾಲೇಜು ಅದು. ಸುತ್ತಲೂ ಮರಾಠಿ ನಾಡು. ಅಂಥಲ್ಲಿ ಪದವಿ ತರಗತಿಗಳಿಗೆ ಪಾಠ ಹೇಳುತ್ತಲೇ ಅವರು ಸಾವಿರ ವರ್ಷಗಳ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯಹೊರಟರು. ಸಂಶೋಧನೆಯೆಂದರೆ ದೊಡ್ಡ ವಿಶ್ವವಿದ್ಯಾಲಯದವರ ಕೆಲಸ, ಡಿಗ್ರಿ ಕಾಲೇಜಿಗೆ ಪಾಠ ಮತ್ತು ಪರೀಕ್ಷೆ ಸಾಕು ಎಂದು ಈಗಲೂ ಹೇಳುವವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಈ ಕವಿ ಯಾವ ಕಾಲದವನು, ಅದು ನಿಮಗೆ ಹೇಗೆ ಗೊತ್ತಾಯಿತು ಎಂದು ಒಬ್ಬ ವಿದ್ಯಾರ್ಥಿ ಎದ್ದು ಕೇಳಿದರೆ ಸಂಶೋಧನೆ ಅಲ್ಲಿಂದಲೇ ಶುರುವಾಗುತ್ತದೆ. ಗಜೇಂದ್ರಗಡದ ಪಕ್ಕದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಶಾಸನಗಳಿವೆ. ನರಗುಂದ, ರೋಣದ ಹುಡುಗರೂ ಹುಡುಗಿಯರೂ ತಮ್ಮ ಪ್ರಾಧ್ಯಾಪಕರೊಡನೆ ಒಂದು ದಿನ ಅಲ್ಲಿ ಕುಳಿತು ಅಕ್ಷರ ಕೂಡಿಸಿ ಓದಲು ಯಾರ ಅಪ್ಪಣೆ ಬೇಕು?

ಮುಗಳಿಯವರಿಗಿಂತ ಮೊದಲು ದಾರಿ ಮಾಡಿದವರು ಇದ್ದರು. ಆರ್. ನರಸಿಂಹಾಚಾರ್ಯರು 1907, 1919 ಮತ್ತು 1929ರಲ್ಲಿ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳನ್ನು ಹೊರತಂದಿದ್ದರು. ಕವಿಗಳ ಕಾಲ, ಕೃತಿಗಳನ್ನು ತಿಳಿಯಲು ಅದು ದೊಡ್ಡ ಆಧಾರ. ಆದರೆ ಸಾಹಿತ್ಯವನ್ನು ಯುಗಗಳಾಗಿ ವಿಂಗಡಿಸುವುದು ಹೇಗೆ? ಮಿಷನರಿ ಇ. ಪಿ. ರೈಸ್ ಮೊದಲಾದವರು ಜೈನ, ವೀರಶೈವ, ವೈಷ್ಣವ ಎಂದು ಮತದ ಮೇಲೆ ಭಾಗ ಮಾಡಿದ್ದರು. ಓದುಗನಿಗೆ ಅದು ಸುಲಭ, ನಿಜ. ಆದರೆ ಕವಿಯನ್ನು ಅವನ ಜಾತಿ-ಮತದ ಗೂಡಿನಲ್ಲಿ ಕೂರಿಸಿಬಿಟ್ಟರೆ, ಒಬ್ಬ ಕವಿಯಿಂದ ಇನ್ನೊಬ್ಬ ಕವಿ ಮತದ ಗಡಿ ದಾಟಿ ಏನು ಪಡೆದನೆಂಬುದು ಮರೆಯಾಗುತ್ತದೆ. ಮುಗಳಿಯವರು ಯುಗಗಳಿಗೆ ವ್ಯಕ್ತಿಗಳ ಹೆಸರನ್ನಿಟ್ಟರು: ಪಂಪಪೂರ್ವ ಯುಗ, ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ. ಒಂದು ಯುಗದ ಚೈತನ್ಯ ಯಾರಲ್ಲಿ ತುಂಬಿ ಬಂದಿತೋ ಅವರ ಹೆಸರೇ ಆ ಯುಗಕ್ಕೆ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಒಬ್ಬರ ಹೆಸರಿನ ನೆರಳಲ್ಲಿ ಉಳಿದವರು ಮರೆಯಾಗುತ್ತಾರೆಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೂ ಈ ಹೆಸರುಗಳು ಕನ್ನಡದ ಪಾಠಗಳಲ್ಲಿ ಬೇರೂರಿಬಿಟ್ಟವು.

ಕನ್ನಡ ಸಾಹಿತ್ಯ ಚರಿತ್ರೆ 1953ರಲ್ಲಿ ಪ್ರಕಟವಾಯಿತು. 1956ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಕನ್ನಡದಲ್ಲಿ ಅದಕ್ಕೂ ಮುನ್ನ, 1955ರಲ್ಲಿ, ಆ ಗೌರವ ಪಡೆದವರು ಕುವೆಂಪು. ಗುಂಪಿನ ಹಿರಿಯರಾದ ಬೇಂದ್ರೆಯವರಿಗೇ ಅದು ಬಂದದ್ದು ಮುಗಳಿಯವರ ನಂತರ, 1958ರಲ್ಲಿ! 1963ರಲ್ಲಿ ಸಿದ್ಧಗಂಗೆಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಕನ್ನಡ ಬಾರದವರಿಗಾಗಿ ಇಂಗ್ಲಿಷಿನಲ್ಲಿ ಬರೆದ ಸಾಹಿತ್ಯ ಚರಿತ್ರೆಯನ್ನು ಅಕಾಡೆಮಿ 1975ರಲ್ಲಿ ಪ್ರಕಟಿಸಿತು. 1993ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಆಗ ಹೊಳೆಆಲೂರು ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು.